ಕಟ್ಟೆ, ಕಬ್ಬು, 2050: ವಿದ್ಯಾರ್ಥಿಗಳು ಕಟ್ಟಿದ ಒಂದು ಪ್ರದರ್ಶನ ನೋಡಿ

ಬಾಗಿಲು ದಾಟಿದ ಕೂಡಲೇ ಎದುರಾಗುವುದು ಮಸಿ ಹಿಡಿದ ಒಂದು ಕೊಪ್ಪರಿಗೆ. ಆಲೆಮನೆಯಿಂದ ತಂದದ್ದು, ಅಂಚಿನಲ್ಲಿ ಪಾಕ ಕಟ್ಟಿದ ಗುರುತು ಇನ್ನೂ ಇದೆ. ಪಕ್ಕದ ಚೀಟಿಯಲ್ಲಿ ಎರಡೇ ಸಾಲು: ಇದನ್ನು ಯಾವ ವರ್ಷ ಒಲೆಯಿಂದ ಇಳಿಸಿದರು, ಯಾಕೆ ಇಳಿಸಿದರು. ಮೈಸೂರಿನ ಒಂದು ವಸ್ತುಸಂಗ್ರಹಾಲಯದ ಹಿಂಬದಿ ಹಾಲ್‌ನಲ್ಲಿ, ಇಂಟರ್ನ್‌ಶಿಪ್‌ಗೆ ಬಂದ ಕಾಲೇಜು ವಿದ್ಯಾರ್ಥಿಗಳು ಸೇರಿ ಕಟ್ಟಿರುವ ಪ್ರದರ್ಶನ ಶುರುವಾಗುವುದು ಹೀಗೆ. ವಿಷಯ, ಮೈಸೂರು–ಮಂಡ್ಯ ಸೀಮೆ 2050ರ ಹೊತ್ತಿಗೆ ಏನಾಗಬಹುದು ಎನ್ನುವುದು. ಭವಿಷ್ಯ ಅಂದೊಡನೆ ಹಾರುವ ಕಾರು ಬರೆದು ಕೈತೊಳೆದುಕೊಳ್ಳುವವರೇ ಹೆಚ್ಚು. ಹಾಗಿರುವಾಗ ಹಳೇ ಕೊಪ್ಪರಿಗೆಯಿಂದ ನಾಳೆಯ ಮಾತು ಎತ್ತಿದ್ದು ಎದೆಗಾರಿಕೆಯೇ ಸರಿ. ಹಾಲ್‌ನ ಅರ್ಧ ಭಾಗ ಇದೇ ಹದದಲ್ಲಿದೆ, ಉಳಿದರ್ಧ ಇಲ್ಲ. ವಸ್ತು, ತಾರೀಖು, ಅಳತೆ ಇರುವ ಕಡೆ ಜನ ನಿಲ್ಲುತ್ತಾರೆ. ಬರೀ ಕನಸಿನ ಚಿತ್ರ ಇರುವ ಕಡೆ ಸೆಲ್ಫಿ ತೆಗೆದುಕೊಂಡು ಮುಂದೆ ಹೋಗುತ್ತಾರೆ.

ಮೊದಲ ಗೋಡೆಯ ಹೆಸರು ‘ಹಿಂದಿನವರ ನಾಳೆ’. ಇಡೀ ಪ್ರದರ್ಶನದಲ್ಲಿ ಇದರಷ್ಟು ಜಾಣ ಯೋಚನೆ ಇನ್ನೊಂದಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದದ್ದು, 1911ರಲ್ಲಿ ಕನ್ನಂಬಾಡಿ ಕಟ್ಟೆಯ (ಇವತ್ತಿನ ಕೆಆರ್‌ಎಸ್ ಅಣೆಕಟ್ಟೆಯ) ಕೆಲಸ ಶುರುವಾದದ್ದು, ಆಮೇಲೆ ಇರ್ವಿನ್ ನಾಲೆ ಎಂದು ಹೆಸರಿದ್ದ ಇವತ್ತಿನ ವಿಶ್ವೇಶ್ವರಯ್ಯ ನಾಲೆ, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ, 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾದದ್ದು, ಇವೆಲ್ಲ ನಮಗೆ ಗೊತ್ತಿರುವ ಇತಿಹಾಸವೇ. ಆದರೆ ಪ್ರತಿಯೊಂದನ್ನೂ ಆಯಾ ಕಾಲದವರು ಕಂಡ ನಾಳೆಯಾಗಿ ಬರೆದಿದ್ದಾರೆ: ಅವರು ಏನು ಬಯಸಿದ್ದರು, ಏನು ಸಿಕ್ಕಿತು, ಯಾರು ಕಳೆದುಕೊಂಡರು. ಸಕ್ಕರೆ ಕಂಪನಿಯ ಹಿಂದೆ ನಿಂತ ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ ಕೆನಡಾದವರು, ಕೀಟಶಾಸ್ತ್ರ ಓದಿದವರು ಎನ್ನುವ ಮಾತನ್ನು ಓದಿ ಮಂಡ್ಯದವರೇ ಹುಬ್ಬೇರಿಸುತ್ತಾರೆ. ‘ಯಾರು ಕಳೆದುಕೊಂಡರು’ ಎನ್ನುವ ಅಂಕಣದಲ್ಲಿ ನೀರಿನಡಿ ಹೋದ ಹಳೇ ಕನ್ನಂಬಾಡಿ ಊರಿದೆ. ಅಲ್ಲಿನ ವೇಣುಗೋಪಾಲಸ್ವಾಮಿ ದೇವಸ್ಥಾನದ ಕಲ್ಲುಗಳನ್ನು ಎಷ್ಟೋ ದಶಕದ ಮೇಲೆ ಹಿನ್ನೀರಿನ ದಡಕ್ಕೆ ತಂದು ಮತ್ತೆ ಕಟ್ಟಿದ್ದೂ ಇದೆ. ದೇವರಿಗೆ ಹೊಸ ಜಾಗ ಸಿಕ್ಕ ಕಥೆ ಇಷ್ಟು ವಿವರವಾಗಿ ಇರುವಾಗ ಒಕ್ಕಲುಗಳು ಎಲ್ಲಿಗೆ ಹೋದರು ಎನ್ನುವುದಕ್ಕೂ ಒಂದು ಚೀಟಿ ಬೇಕಿತ್ತು.

ಹಾಲ್‌ನ ನಡುವೆ ಇರುವುದು ಎಲ್ಲರೂ ಮುತ್ತಿಕೊಳ್ಳುವ ವಸ್ತು: ಕಟ್ಟೆಯ ನೀರಿನ ಮಟ್ಟ ತೋರಿಸುವ ಆಳೆತ್ತರದ ಅಕ್ರಿಲಿಕ್ ಕೊಳವೆ. ಕೆಳಗಿನಿಂದ ಮೇಲಕ್ಕೆ ಅಡಿಯ ಗೆರೆಗಳು, ತುದಿಯಲ್ಲಿ ಕೆಂಪಿನಲ್ಲಿ 124.80. ಪಕ್ಕದಲ್ಲಿ ಪೂರ್ಣ ಸಂಗ್ರಹ 49.45 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಎಂದೂ ಬರೆದಿದೆ. ಎರಡು ಅಂಕಿಯೂ ಸರಿ. ತಪ್ಪಿರುವುದು ಕೊಳವೆ. ಬುಡದಿಂದ ಬಾಯಿಯವರೆಗೆ ಒಂದೇ ದಪ್ಪ ಇರುವ ಕೊಳವೆಯಲ್ಲಿ 100 ಅಡಿಯ ತನಕ ನೀರು ತುಂಬಿದರೆ ಶೇ 80ರಷ್ಟು ತುಂಬಿದಂತೆ ಕಾಣುತ್ತದೆ. ಕಟ್ಟೆ ಹಾಗಿಲ್ಲ. ಹೊಳೆಯ ಕಣಿವೆ ಬುಡದಲ್ಲಿ ಕಿರಿದು, ಮೇಲೆ ಬಂದ ಹಾಗೆ ಅಗಲ. 100 ಅಡಿ ಇದ್ದಾಗ ಅಲ್ಲಿರುವ ನೀರು ಅರ್ಧಕ್ಕಿಂತ ಕಡಿಮೆ. ಮೇಲಿನ 25 ಅಡಿಯೊಳಗೇ ಅರ್ಧಕ್ಕಿಂತ ಹೆಚ್ಚು ನೀರು ಹಿಡಿಯುತ್ತದೆ. ಜುಲೈನಲ್ಲಿ ಮಟ್ಟ 90 ದಾಟಿದರೂ ರೈತರ ಮುಖ ಯಾಕೆ ಅರಳುವುದಿಲ್ಲ, 115ರ ಮೇಲೆ ಒಂದೊಂದು ಅಡಿಗೂ ಪತ್ರಿಕೆಯವರು ಯಾಕೆ ಸುದ್ದಿ ಮಾಡುತ್ತಾರೆ ಎಂಬುದರ ಗುಟ್ಟು ಇರುವುದೇ ಇಲ್ಲಿ. ಆ ಗುಟ್ಟನ್ನೇ ಈ ಕೊಳವೆ ಮುಚ್ಚಿಡುತ್ತದೆ.

ಇದನ್ನು ಮೊದಲು ಹಿಡಿದದ್ದು ಶ್ರೀರಂಗಪಟ್ಟಣದ ಕಡೆಯ ಒಬ್ಬ ಯಜಮಾನರಂತೆ. “ನೂರಡಿ ಅಂದ್ರೆ ಕಟ್ಟೆ ತುಂಬ್ತು ಅಂತಲ್ಲ ಕಣವ್ವಾ, ಕಟ್ಟೆ ಅನ್ನೋದು ಚೊಂಬಲ್ಲ, ಬಾಂಡ್ಲಿ” ಎಂದು ಅಲ್ಲಿದ್ದ ಹುಡುಗಿಗೆ ಹೇಳಿ ಹೋದರಂತೆ. ವಿದ್ಯಾರ್ಥಿಗಳು ಆ ಮಾತನ್ನು ಹಾಗೇ ಒಂದು ಹಾಳೆಯಲ್ಲಿ ಬರೆದು ಕೊಳವೆಗೆ ಅಂಟಿಸಿದ್ದಾರೆ. ತಪ್ಪನ್ನು ಮುಚ್ಚದೆ ಗೋಡೆಗೇರಿಸಿದ್ದು ನಮ್ಮ ದೊಡ್ಡ ಸಂಗ್ರಹಾಲಯಗಳಲ್ಲೂ ಅಪರೂಪ. ಆದರೂ ತಿದ್ದುವುದು ಕಷ್ಟವಿಲ್ಲ. ಕೊಳವೆಯ ಬದಲು ತಲೆಕೆಳಗಾದ ಶಂಕುವಿನ ಆಕಾರ, ಅಂದರೆ ದೊಡ್ಡದೊಂದು ಆಲಿಕೆ ಇಟ್ಟರೆ ಸಾಕು. ಆಲಿಕೆಯನ್ನು ಎತ್ತರದ ಶೇ 80ರವರೆಗೆ ತುಂಬಿದರೆ ಅದರಲ್ಲಿರುವುದು ಒಟ್ಟು ನೀರಿನ ಶೇ 51 ಮಾತ್ರ. ಕಟ್ಟೆಯ ನಿಜ ಸ್ಥಿತಿಗೆ ಅದು ಬಹಳ ಹತ್ತಿರ. ಇನ್ನೊಂದು ಮಾತು, ಶಾಯಿ ಬೆರೆಸಿದ ನಲ್ಲಿ ನೀರು ಹಾಕಿದ್ದಾರೆ. ಕಿಟಕಿಯ ಬೆಳಕು ನೇರ ಬೀಳುವುದರಿಂದ ಕೊಳವೆಯ ಒಳಬದಿಗೆ ಆಗಲೇ ಪಾಚಿಯ ಹಸಿರು ಕಟ್ಟಿದೆ. ನೀರೇ ಬೇಕೆಂಬ ಹಟವಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕಿ, ಬಾಯಿ ಮುಚ್ಚಿ, ಕಿಟಕಿಯಿಂದ ದೂರ ಇಡಬೇಕು. ಇಲ್ಲದಿದ್ದರೆ ನೀಲಿ ಅಕ್ರಿಲಿಕ್ ಹಾಳೆಯನ್ನು ಪದರಪದರವಾಗಿ ಜೋಡಿಸಿದರೂ ಕೆಲಸ ನಡೆಯುತ್ತದೆ.

ನೀರಿನ ಲೆಕ್ಕದ ಫಲಕ ಚೆನ್ನಾಗಿದೆ. ಕ್ಯುಸೆಕ್ (ಸೆಕೆಂಡಿಗೆ ಒಂದು ಘನ ಅಡಿ ಹರಿವು) ಮತ್ತು ಟಿಎಂಸಿಯ ನಂಟನ್ನು ಇಷ್ಟು ಸರಳವಾಗಿ ಬೇರೆಲ್ಲೂ ಹಾಕಿದ್ದು ಕಂಡಿಲ್ಲ: ನಾಲೆಯಲ್ಲೋ ಹೊಳೆಯಲ್ಲೋ 11,574 ಕ್ಯುಸೆಕ್ ನೀರು ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. ಒಂದು ಟಿಎಂಸಿ ಎಂದರೆ ಸುಮಾರು 2,830 ಕೋಟಿ ಲೀಟರ್. ಕೆಳಗೆ ಕಾವೇರಿ ನೀರಿನ ಪಾಲುಪಟ್ಟಿಯಿದೆ. 2007ರ ನ್ಯಾಯಮಂಡಳಿಯ ತೀರ್ಪಿನಲ್ಲಿ ಕರ್ನಾಟಕಕ್ಕೆ 270 ಟಿಎಂಸಿ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಅದನ್ನು 284.75ಕ್ಕೆ ಏರಿಸಿತು, ಹೆಚ್ಚಿದ 14.75ರಲ್ಲಿ 4.75 ಬೆಂಗಳೂರಿಗೆ. ತಮಿಳುನಾಡಿಗೆ ಬಿಡಬೇಕಾದದ್ದು 192ರಿಂದ 177.25ಕ್ಕೆ ಇಳಿಯಿತು. ಎಲ್ಲ ಸರಿ, ಆದರೆ ಈ ಅಂಕಿಗಳೆಲ್ಲ ಮಳೆ ಸರಿಯಾಗಿ ಬಂದ ವರ್ಷದವು ಎನ್ನುವ ಮಾತೇ ಫಲಕದಲ್ಲಿಲ್ಲ. ಜಗಳ ಹುಟ್ಟುವುದು ಮಳೆ ಕೈಕೊಟ್ಟ ವರ್ಷ, 2023ರಲ್ಲಿ ಆದ ಹಾಗೆ. 2050ರ ಬಗ್ಗೆ ಮಾತಾಡುವ ಫಲಕ ಬರದ ವರ್ಷದ ಹಂಚಿಕೆಯನ್ನು ಬಿಟ್ಟರೆ ಪಾಯಸಕ್ಕೆ ಬೆಲ್ಲ ಮರೆತಂತೆ.

ಮೂರನೇ ಗೋಡೆಯ ಮುಂದಿನ ಭೂಮಾದರಿ ಈ ಹುಡುಗರ ಕೈಕೆಲಸದಲ್ಲಿ ಮೇಲು. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಗಳನ್ನು ಜೋಡಿಸಿ, 20 ಮೀಟರ್ ಅಂತರದ ಸಮೋನ್ನತಿ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳ) ಮೇಲೆ ರಟ್ಟು ಕತ್ತರಿಸಿ ಒಂದರ ಮೇಲೊಂದು ಅಂಟಿಸಿದ್ದಾರೆ. ಈ ಅಳತೆಯಲ್ಲಿ ಒಂದು ಸೆಂಟಿಮೀಟರ್ ಅರ್ಧ ಕಿಲೋಮೀಟರಿಗೆ ಸಮ. ಕಟ್ಟೆಯಿಂದ ಶಿವನಸಮುದ್ರದವರೆಗೆ ನೇರ ಗೆರೆಯಲ್ಲಿ ಸುಮಾರು ಒಂದೂಕಾಲು ಮೀಟರಿನ ಆಚೀಚೆ ಬರುತ್ತದೆ. ಎತ್ತರವನ್ನೂ ಇದೇ ಪ್ರಮಾಣಕ್ಕೆ ಹಿಡಿದಿದ್ದರೆ ಒಂದೊಂದು ಪದರ 0.4 ಮಿಲಿಮೀಟರ್, ಅಂದರೆ ಲಗ್ನಪತ್ರಿಕೆಯ ಕಾಗದದಷ್ಟು ತೆಳು. ಮಂಡ್ಯದ ಬಯಲು ಅಂಗೈಯಂತೆ ಚಪ್ಪಟೆಯಾಗಿ ಕಾಣುತ್ತಿತ್ತು. ಅದಕ್ಕೇ ಎತ್ತರವನ್ನು ಐದು ಪಟ್ಟು ಹಿಗ್ಗಿಸಿ 2 ಮಿಲಿಮೀಟರ್ ರಟ್ಟು ಬಳಸಿದ್ದಾರೆ. ಮೇಲುಕೋಟೆಯ ಬೆಟ್ಟ, ಕುಂತಿಬೆಟ್ಟ, ಕರಿಘಟ್ಟ ಎದ್ದು ಕಾಣುತ್ತವೆ, ನಾಲೆ ಯಾಕೆ ಸುತ್ತಿ ಬಳಸಿ ಹೋಗುತ್ತದೆ ಎಂಬುದು ಆರನೇ ಕ್ಲಾಸಿನವರಿಗೂ ಅರ್ಥವಾಗುತ್ತದೆ. ಹಿಗ್ಗಿಸಿದ್ದೇವೆ ಎಂಬ ಮಾತನ್ನು ಮೂಲೆಯಲ್ಲಿ ಬರೆದಿರುವುದೂ ಒಳ್ಳೆಯದಾಯಿತು. ಎಷ್ಟೋ ಕಡೆ ಇದನ್ನು ಬರೆಯುವುದೇ ಇಲ್ಲ.

ಮಾದರಿಯ ಅಂಚಿನಲ್ಲಿ ಗುಂಡಿಗಳಿವೆ. ಒತ್ತಿದರೆ ನಾಲೆಯ ಒಂದೊಂದು ಭಾಗ ಎಲ್‌ಇಡಿಯಲ್ಲಿ ಬೆಳಗುತ್ತದೆ, ಕಟ್ಟು ನೀರಿನ ಪದ್ಧತಿಯಲ್ಲಿ ಸರದಿ ಹೇಗೆ ಬರುತ್ತದೆ ಎಂದು ತೋರಿಸುವುದಕ್ಕೆ. ಮದ್ದೂರು, ಮಳವಳ್ಳಿ ಕಡೆಯ ಕೊನೆ ಭಾಗದ ದೀಪಗಳು ನಾವು ನೋಡಿದ ದಿನ ಹತ್ತಲಿಲ್ಲ. ಉದ್ದ ಪಟ್ಟಿಗೆ ಒಂದೇ ತುದಿಯಿಂದ 12 ವೋಲ್ಟ್ ಕೊಟ್ಟಿದ್ದಾರೆ; ತೆಳು ತಂತಿಯಲ್ಲಿ ವೋಲ್ಟೇಜ್ ಕುಸಿದು ತುದಿಗೆ ಹೋಗುವಷ್ಟರಲ್ಲಿ ಸತ್ತಿದೆ. ಎರಡೂ ತುದಿಯಿಂದ ಕೊಟ್ಟರೆ ಸರಿಹೋಗುತ್ತದೆ. ಕೊನೆ ಭಾಗಕ್ಕೆ ನೀರು ಬರುವುದಿಲ್ಲ ಎನ್ನುವುದನ್ನು ಬೇಕೆಂದೇ ಹೀಗೆ ತೋರಿಸಿದ್ದಾರೇನೋ ಎಂದು ಮಳವಳ್ಳಿಯವರೊಬ್ಬರು ನಗುತ್ತಿದ್ದರು.

ಕಬ್ಬಿನ ವಿಭಾಗದಲ್ಲಿ ಮಾಹಿತಿ ಗಟ್ಟಿ, ವಸ್ತು ಸಡಿಲ. ಕಡಿದ ಕಬ್ಬನ್ನು ಒಂದು ದಿನದೊಳಗೆ ಅರೆಯದಿದ್ದರೆ ತೂಕವೂ ಇಳಿಯುತ್ತದೆ, ಸಕ್ಕರೆಯೂ ಒಡೆದು ಇಳುವರಿ, ಅಂದರೆ ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ, ಕುಸಿಯುತ್ತದೆ ಎಂಬುದನ್ನು ಕಾರ್ಖಾನೆ ಮುಂದಿನ ಗಾಡಿ ಸಾಲಿನ ಫೋಟೊ ಜೊತೆ ಇಟ್ಟಿದ್ದಾರೆ. ಕೇಂದ್ರ ನಿಗದಿಪಡಿಸಿದ ದರ 2025–26ಕ್ಕೆ ಟನ್ನಿಗೆ 3,550 ರೂಪಾಯಿ, ಆದರೆ ಅದು ಶೇ 10.25 ಇಳುವರಿಗೆ ಕಟ್ಟಿದ ದರ, ಇಳುವರಿ 9.5 ಅಥವಾ ಅದಕ್ಕೂ ಕೆಳಗಿದ್ದರೆ ಸಿಗುವುದು ಟನ್ನಿಗೆ 3,290.50 ಎಂಬುದನ್ನೂ ಬಿಡಿಸಿ ಹೇಳಿದ್ದಾರೆ. ಇಲ್ಲಿಯವರೆಗೆ ಭೇಷ್. ಆದರೆ ನಿಜವಾದ ಕಬ್ಬಿನ ಜಲ್ಲೆಗಳನ್ನೇ ಕಟ್ಟಿ ಗೋಡೆಗೆ ಒರಗಿಸಿದ್ದಾರೆ. ಎರಡನೇ ದಿನಕ್ಕೆ ಇರುವೆ, ವಾರಕ್ಕೆ ಹುಳಿ ವಾಸನೆ, ಆಮೇಲೆ ಹಲಗೆಗೆ ಕಲೆ. ಸಂಗ್ರಹಾಲಯದ ಮಟ್ಟಿಗೆ ಇರುವೆ ಬರೀ ಇರುವೆಯಲ್ಲ, ಪಕ್ಕದ ಕೋಣೆಯ ತಾಳೆಗರಿಗೂ ಮರದ ಬೊಂಬೆಗೂ ಹುಳ ಬರುವ ದಾರಿ. ಬೆಲ್ಲದ ಕಥೆಯೂ ಅದೇ. ಅಚ್ಚು, ಬಕೆಟ್ ಎಂದು ತರಾವರಿ ಬೆಲ್ಲ ತಟ್ಟೆಯಲ್ಲಿಟ್ಟಿದ್ದಾರೆ. ಮಳೆಗಾಲದ ಗಾಳಿಯ ತೇವ ಹೀರಿ ಅಂಚು ಕರಗಿ ಜಿನುಗುತ್ತಿದೆ. ಬೆಲ್ಲವನ್ನು ಗಾಳಿಯಾಡದ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಜೊತೆ ಇಡಬೇಕು, ಇಲ್ಲವೇ ಅಚ್ಚಿನಲ್ಲೇ ಪ್ಲಾಸ್ಟರ್ ಎರಕ ಹೊಯ್ದು ಬಣ್ಣ ಹಚ್ಚಬೇಕು. ಕಬ್ಬಿಗೆ ಬದಲು ಒಣಗಿದ ತರಗು, ರಚ್ಚು (ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆ) ಇಟ್ಟರೂ ಆಲೆಮನೆಯ ವಾಸನೆ ಬರುತ್ತದೆ. ಆದರೆ ಅವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಡೀಪ್ ಫ್ರೀಜರಿನಲ್ಲಿ ಒಂದೆರಡು ವಾರ ಇಟ್ಟು, ಹುಳದ ಮೊಟ್ಟೆ ಸತ್ತ ಮೇಲೆ ಒಳಗೆ ತರಬೇಕು. ಬಣ್ಣಕ್ಕಾಗಿ ಹೈಡ್ರೋಸ್ ಎಂಬ ರಾಸಾಯನಿಕ ಹಾಕಿದ ಬಿಳಿ ಬೆಲ್ಲವನ್ನೂ ಹಾಕದ ಕಂದು ಬೆಲ್ಲವನ್ನೂ ಅಕ್ಕಪಕ್ಕ ಇಟ್ಟು, ‘2050ರಲ್ಲಿ ಯಾವುದನ್ನು ಕೊಳ್ಳುತ್ತೀರಿ?’ ಎಂದು ಕೇಳಿದ್ದು ಮಾತ್ರ ಮನಸ್ಸಿಗೆ ನಾಟುತ್ತದೆ. ಹೆಂಗಸರ ಚರ್ಚೆ ಹೆಚ್ಚು ನಡೆಯುತ್ತಿದ್ದದ್ದು ಇಲ್ಲೇ.

ಎಕ್ಸ್‌ಪ್ರೆಸ್‌ವೇ ಫಲಕಕ್ಕೆ ಹೆಚ್ಚು ಹೊತ್ತು ಬೇಡ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ, ಊರು ಬಳಸಿ ಹೋಗುವ ಬೈಪಾಸುಗಳು, ಹಳೇ ರಸ್ತೆಯ ಬದಿಯ ಹೋಟೆಲುಗಳು, ಗೊತ್ತಿದ್ದದ್ದನ್ನೇ ಹೇಳಿದ್ದಾರೆ. ಸೋಮನಾಥಪುರದ ಯುನೆಸ್ಕೊ ಪಟ್ಟಿ, ರಂಗನತಿಟ್ಟಿನ ರಾಮ್ಸರ್ ಮಾನ್ಯತೆ ಇರುವ ಪ್ರವಾಸೋದ್ಯಮದ ಮೂಲೆಯೂ ಅಷ್ಟೇ, ಇಲಾಖೆಯ ಕರಪತ್ರದ ಹಾಗಿದೆ.

ಲಿಥಿಯಂ ಫಲಕದ ಮುಂದೆ ಸ್ವಲ್ಪ ನಿಲ್ಲಬೇಕು. ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ–ಅಲ್ಲಾಪಟ್ಟಣದ ಸುತ್ತ ಲಿಥಿಯಂ ಇದೆ ಎಂಬ ಸುದ್ದಿ ಬಂದಾಗ ಅಂಕಿಗಳು ಎಲ್ಲೆಲ್ಲಿಗೋ ಹಾರಿದ್ದವು. ಮೊದಲು ಓಡಾಡಿದ ಅಂಕಿ 14,100 ಟನ್; ಆಮೇಲೆ ಅಣು ಖನಿಜ ನಿರ್ದೇಶನಾಲಯ ಹೇಳಿದ್ದು 1,600 ಟನ್, ಅದೂ ‘ಊಹಿತ’ ವರ್ಗದ್ದು. ಊಹಿತ ಎಂದರೆ ಕೆಲವೇ ಕಡೆ ಕೊರೆದು ನೋಡಿ ಕಟ್ಟಿದ ಅಂದಾಜು. ತೆಗೆದರೆ ಲಾಭವೇ ಎಂಬ ಲೆಕ್ಕ ಆಗ ಇನ್ನೂ ಆಗಿರುವುದಿಲ್ಲ. ವಿದ್ಯಾರ್ಥಿಗಳು 1,600ನ್ನೇ ಹಾಕಿದ್ದಾರೆ, ‘ಊಹಿತ’ ಎಂಬುದನ್ನೂ ಹಾಕಿದ್ದಾರೆ. ಆದರೆ ತಲೆಬರಹ ಮಾತ್ರ ‘ಬಿಳಿ ಚಿನ್ನದ ನಾಡು’. ಒಳಗೆ ಎಚ್ಚರ, ಮೇಲೆ ಡಂಗುರ. ತಲೆಬರಹ ಬರೆದವರು ಬೇರೆ, ಒಕ್ಕಣೆ ಬರೆದವರು ಬೇರೆ ಎಂದು ಎದ್ದು ಕಾಣುತ್ತದೆ. ಗುಂಪು ಕೆಲಸದಲ್ಲಿ ಇದು ಮಾಮೂಲಿ ಕಾಯಿಲೆ, ಮದ್ದೂ ಸುಲಭ: ಎಲ್ಲ ಫಲಕಗಳ ಒಕ್ಕಣೆಯನ್ನೂ ಕೊನೆಗೆ ಒಬ್ಬರೇ ಕೂತು, ತಲೆಬರಹದಿಂದ ಹಿಡಿದು ಚೀಟಿಯವರೆಗೆ, ಗಟ್ಟಿಯಾಗಿ ಓದಬೇಕು.

ಇನ್ನು ಕೊನೆಯ ಗೋಡೆ. ಆರು ದೊಡ್ಡ ಎಐ ಚಿತ್ರಗಳು: 2050ರ ಮಂಡ್ಯ, 2050ರ ಮೈಸೂರು. ಕಬ್ಬಿನ ಗದ್ದೆಯಲ್ಲಿ ಮೆಕ್ಕೆಜೋಳದ ಎಲೆ, ಕಟ್ಟೆಯ ಹಿಂದೆ ಹಿಮದ ಬೆಟ್ಟ, ಮಂಡ್ಯ ಪೇಟೆಯ ಬೋರ್ಡುಗಳಲ್ಲಿ ಯಾವ ಭಾಷೆಯೂ ಅಲ್ಲದ ಅಕ್ಷರ. ಕಂಪ್ಯೂಟರ್ ಬರೆದ ಚಿತ್ರ ಎಂಬ ಸೂಚನೆ ಒಂದರ ಕೆಳಗೂ ಇಲ್ಲ. ಬನ್ನೂರು ಕುರಿಯ ಬದಲು ಯಾವುದೋ ಪರದೇಶದ ಉಣ್ಣೆ ಕುರಿ ನಿಂತಿದೆ! ಕಾಲು ಗಿಡ್ಡ, ಮೈ ಪೀಪಾಯಿಯಂತಿರುವ ನಮ್ಮ ಕುರಿ ಮಳವಳ್ಳಿ ಕಡೆಯ ಮಗುವಿಗೂ ಗೊತ್ತು. ಈ ಗೋಡೆಯನ್ನು ಬಿಚ್ಚಿ, ಆ ಜಾಗದಲ್ಲಿ ಆರು ಹಳ್ಳಿಯ ಶಾಲೆ ಮಕ್ಕಳ ಕೈಲಿ ಬರೆಸಿದ ಚಿತ್ರ ಹಾಕಿದ್ದರೆ ಖರ್ಚೂ ಉಳಿಯುತ್ತಿತ್ತು.

ಮುದ್ರಣದ ವಿಷಯ ಬೇರೆ ಸಂಸ್ಥೆಗಳಿಗೂ ಉಪಯೋಗ ಬರುವುದರಿಂದ ಸ್ವಲ್ಪ ಬಿಡಿಸಿ ಹೇಳಬೇಕು. ನಾಲ್ಕು ಫಲಕಗಳಲ್ಲಿ ‘ಕಾರ್ಖಾನೆ’ ಹೋಗಿ ‘ಕಾಖಾರ್ನೆ’ ಆಗಿದೆ, ‘ವರ್ಷ’ ಹೋಗಿ ‘ವಷರ್’ ಆಗಿದೆ. ನುಡಿ ತಂತ್ರಾಂಶದ ಹಳೇ ಎನ್‌ಕೋಡಿಂಗ್‌ನಲ್ಲಿ ಟೈಪಾದದ್ದನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಅರ್ಕಾವೊತ್ತು ತನ್ನ ಅಕ್ಷರ ಬಿಟ್ಟು ಪಕ್ಕಕ್ಕೆ ಹಾರುತ್ತದೆ. ಶುರುವಿನಿಂದಲೇ ಯೂನಿಕೋಡಿನಲ್ಲಿ ಟೈಪಿಸಿ, ಡಿಟಿಪಿಯವರ ಬಳಿ ಒತ್ತಕ್ಷರ ಒಡೆಯದೆ ಕೂರುತ್ತದೆಯೇ ನೋಡಿ, ಕೊನೆಗೆ ಅಕ್ಷರಗಳನ್ನು ಕರ್ವ್ ಮಾಡಿಸಿ, ಅಂದರೆ ಬರೀ ರೇಖೆಯ ಆಕಾರಗಳಾಗಿ ಬದಲಿಸಿ, ಮುದ್ರಣಕ್ಕೆ ಕಳಿಸಬೇಕು. ಕರ್ವ್ ಮಾಡಿದ ಮೇಲೆ ತಿದ್ದಲು ಬರುವುದಿಲ್ಲ, ಆದ್ದರಿಂದ ಕರಡು ತಿದ್ದುವುದೆಲ್ಲ ಅದಕ್ಕೆ ಮೊದಲೇ ಮುಗಿಯಬೇಕು. ಒಂದು ಫಲಕದ ತುಣುಕನ್ನು ನಿಜವಾದ ಅಳತೆಯಲ್ಲೇ ಎ4 ಹಾಳೆಗೆ ಮುದ್ರಿಸಿ ಗೋಡೆಗೆ ಅಂಟಿಸಿ, ಒಂದು ಮೀಟರ್ ದೂರ ನಿಂತು ಅಜ್ಜಿಯೊಬ್ಬರ ಕೈಲಿ ಓದಿಸಿದರೆ ಅರ್ಧ ಸಮಸ್ಯೆ ಅಲ್ಲೇ ಸಿಗುತ್ತದೆ. ಇಲ್ಲಿನ ಅಕ್ಷರ 18 ಪಾಯಿಂಟಿನಷ್ಟೇ ಇರಬೇಕು; ಕನಿಷ್ಠ 30 ಬೇಕಿತ್ತು. ಸಾಲುಗಳ ನಡುವೆ ಇಂಗ್ಲಿಷಿಗೆ ಬಿಡುವಷ್ಟೇ ಜಾಗ ಬಿಟ್ಟಿರುವುದರಿಂದ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರದ ಅಳತೆಯ ಒಂದೂವರೆ ಪಟ್ಟು ಅಂತರ ಬಿಟ್ಟರೆ ಕನ್ನಡ ಉಸಿರಾಡುತ್ತದೆ. ಒಕ್ಕಣೆಯೂ ಉದ್ದ, ಕೆಲವು ಫಲಕ 300 ಪದ ದಾಟಿವೆ. ಕನ್ನಡದ ಒಂದೊಂದು ಪದವೂ ವಿಭಕ್ತಿ ಪ್ರತ್ಯಯ ಹೊತ್ತು ಬರುವುದರಿಂದ 70–80 ಪದಕ್ಕೆ ನಿಲ್ಲಿಸಿದರೆ ನಿಂತು ಓದುತ್ತಾರೆ.

ಫ್ಲೆಕ್ಸ್ ಬಳಸದೆ 5 ಮಿಲಿಮೀಟರ್ ಸನ್‌ಬೋರ್ಡಿಗೆ ವಿನೈಲ್ ಅಂಟಿಸಿದ್ದು ಸರಿಯಾದ ಆಯ್ಕೆ. ರಾಜ್ಯದಲ್ಲಿ 2016ರಿಂದ ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ನಿಷೇಧವೂ ಇದೆ. ಆದರೆ ಹೊಳಪಿನ ಲ್ಯಾಮಿನೇಶನ್ ಹಾಕಿಸಿರುವುದರಿಂದ ಟ್ಯೂಬ್‌ಲೈಟು ಫಲಕದಲ್ಲೇ ಮಿನುಗುತ್ತದೆ, ಓದಲು ತಲೆ ಓರೆ ಮಾಡಬೇಕು. ಮ್ಯಾಟ್ ಬೇಕಿತ್ತು. ಸುಣ್ಣದ ಗೋಡೆಗೆ ಡಬಲ್ ಟೇಪ್ ಹಾಕಿ ನಿಲ್ಲಿಸಿದ್ದಾರೆ. ತೇವ ಏರಿದಾಗ ಸುಣ್ಣದ ಪುಡಿ ಸಮೇತ ಟೇಪ್ ಕಿತ್ತು ಬರುತ್ತದೆ. ಆಗಲೇ ಎರಡು ಫಲಕದ ಮೂಲೆ ಬಾಗಿವೆ. ಹಿಂದೆ ಮರದ ರೀಪು ಕೊಟ್ಟು, ಮೇಲಿನಿಂದ ತಂತಿಯಲ್ಲಿ ತೂಗುಹಾಕಿ, ಫಲಕದ ನಡುಮಟ್ಟ ನೆಲದಿಂದ 145–150 ಸೆಂಟಿಮೀಟರಿಗೆ ಬರುವಂತೆ ನೋಡಿಕೊಳ್ಳಬೇಕು.

ಮನಸ್ಸು ಹಿಂಡುವುದು ಗಾಜಿನ ಪೆಟ್ಟಿಗೆಯೊಳಗಿನ ನಾಲೆಯ ನೀಲಿನಕ್ಷೆ. ಯಾರದೋ ಮನೆಯಿಂದ ಎರವಲು ತಂದ ಮೂಲಪ್ರತಿ, ಅದರ ನೆತ್ತಿಯ ಮೇಲೇ ಸ್ಪಾಟ್‌ಲೈಟು. ಹಳೇ ಕಾಗದಕ್ಕೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದು, ನೀಲಿನಕ್ಷೆ ಅದಕ್ಕೂ ನಾಜೂಕು. ಬೆಳಕಿಗೆ ಬಿಳಿಚಿಕೊಳ್ಳುತ್ತದೆ, ಕ್ಷಾರಕ್ಕೆ ಬಣ್ಣ ಕಳೆದುಕೊಳ್ಳುತ್ತದೆ. ಅಡಿಯಲ್ಲಿ ಹಾಸಿರುವುದು ಕ್ಷಾರ ಬೆರೆಸಿದ ‘ಆ್ಯಸಿಡ್ ಮುಕ್ತ’ ಹಾಳೆಯಾಗಿದ್ದರೆ, ಬೇರೆ ಕಾಗದಗಳಿಗೆ ಅದು ಎಷ್ಟೇ ಒಳ್ಳೆಯದಾದರೂ ಇದಕ್ಕೆ ಅದೇ ಶತ್ರು. ಮೂಲವನ್ನು ಸ್ಕ್ಯಾನ್ ಮಾಡಿ ನಕಲು ಪ್ರದರ್ಶಿಸಿ, ಅಸಲನ್ನು ಕತ್ತಲಲ್ಲಿ ಇಡುವುದೇ ಕ್ರಮ. ಎರವಲು ತರುವ ದಿನ ನಾಲ್ಕು ಮೂಲೆಯ ಫೋಟೊ ತೆಗೆದು, ಹರಿದ ಜಾಗ, ಕಲೆ, ಮಡಿಕೆಗಳನ್ನು ಬರೆದು ಇಬ್ಬರೂ ಸಹಿ ಹಾಕುವ ಪತ್ರವೂ ಇರಬೇಕು. ಇದು ವಿದ್ಯಾರ್ಥಿಗಳ ತಪ್ಪಲ್ಲ, ಉಸ್ತುವಾರಿ ನೋಡಬೇಕಾದ ಸಿಬ್ಬಂದಿಯದು.

ಹೊರಗೆ ಬರುವ ಬಾಗಿಲ ಬಳಿ ಮೂರು ಭರಣಿ: ಭತ್ತ, ರಾಗಿ, ಕಬ್ಬು ಎಂದು ಚೀಟಿ. 2050ರಲ್ಲಿ ಈ ನಾಲೆಯ ಬಯಲಲ್ಲಿ ಯಾವುದು ಹೆಚ್ಚಿರಬೇಕೋ ಅದಕ್ಕೆ ಒಂದು ಹಿಡಿ ಕಾಳು ಹಾಕಬೇಕು. ಯೋಚನೆ ಚೆಂದ, ಆದರೆ ತೆರೆದ ಭರಣಿಯ ಭತ್ತಕ್ಕೆ ನುಸಿ ಹಿಡಿದಿದೆ, ರಾತ್ರಿ ಇಲಿ ಬಂದು ತನ್ನ ಮತವನ್ನೂ ಚಲಾಯಿಸಿ ಹೋಗುತ್ತಿದೆಯಂತೆ. ಕಾಳಿನ ಬದಲು ಹುಣಸೆಬೀಜವನ್ನು ಬಿಸಿಲಿಗೆ ಒಣಗಿಸಿ ಇಟ್ಟಿದ್ದರೆ ಎಣಿಸುವುದೂ ಸಲೀಸಾಗುತ್ತಿತ್ತು.

ಹೋಗುವವರು ಒಂದೂವರೆ ಗಂಟೆ ಇಟ್ಟುಕೊಳ್ಳಿ. ಶಾಲೆಯವರು ಒಮ್ಮೆಗೆ 25 ಮಕ್ಕಳಿಗಿಂತ ಹೆಚ್ಚು ಕರೆತಂದರೆ ಭೂಮಾದರಿಯ ಸುತ್ತ ಜಾಗ ಸಾಲದು. ಗಾಲಿಕುರ್ಚಿಗೆ ಇಳಿಜಾರು ಇರುವುದು ಹಿಂಬಾಗಿಲಲ್ಲಿ, ಕೇಳಿದರೆ ತೆಗೆಯುತ್ತಾರೆ. ಬಾಗಿಲ ಪಕ್ಕದ ಟೇಬಲ್ಲಿನಲ್ಲಿ ಇಂಟರ್ನ್‌ಗಳು ಸರದಿಯಂತೆ ಕೂತಿರುತ್ತಾರೆ. ಫಲಕ ಓದಿ ಮುಗಿಸಿ ಹಾಗೇ ಹೊರಡಬೇಡಿ, ಕೊಪ್ಪರಿಗೆ ಯಾರ ಆಲೆಮನೆಯದು, ಎಷ್ಟು ಮನೆ ಸುತ್ತಿದರು ಎಂದು ಕೇಳಿ. ಫಲಕದಲ್ಲಿ ಬಾರದ ಮಾತುಗಳೆಲ್ಲ ಅವರ ನೋಟ್‌ಬುಕ್ಕಿನಲ್ಲಿವೆ, ತೆಗೆದು ತೋರಿಸುತ್ತಾರೆ.